ಗಡಿಯಾರ ಬಿಟ್ಟು ಒ.ಡಿ. ನೋಡಿ ಸ್ಯಾಂಪಲ್ ತೆಗೆಯುವುದು

ಫ್ಲಾಸ್ಕ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಯಾವ ಹಂತದಲ್ಲಿ ಯಾವ ಜೀನ್ ಕೆಲಸ ಮಾಡುತ್ತಿದೆ ಅಂತ ಅಳೆಯುವುದು ನನ್ನ ಕೆಲಸ. ನಾನು ಬಳಸುವುದು ಇ. ಕೋಲೈನ ಎಂಜಿ1655 ತಳಿ. ಇದರ ಇಡೀ ಜೀನೋಮ್ 1997ರಲ್ಲೇ ಪ್ರಕಟವಾಗಿದೆ. ಸುಮಾರು 46 ಲಕ್ಷ ಬೇಸ್ ಜೋಡಿ, ಹತ್ತಿರ ಹತ್ತಿರ 4,300 ಜೀನ್.

ಲ್ಯಾಬ್‌ಗೆ ಹೊಸದಾಗಿ ಬಂದವರು ಕೇಳುವ ಮೊದಲ ಪ್ರಶ್ನೆ, "ಎಷ್ಟು ಗಂಟೆಗೆ ಸ್ಯಾಂಪಲ್ ತೆಗೀಬೇಕು?" ಗಂಟೆ ಲೆಕ್ಕ ಬೇಡ, ಒ.ಡಿ. ನೋಡಿ ಅನ್ನುತ್ತೇನೆ. ಅಂದರೆ 600 ನ್ಯಾನೋಮೀಟರ್ ಬೆಳಕಿಗೆ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಯುತ್ತಿರುವ ದ್ರವ) ಎಷ್ಟು ಮಸುಕಾಗಿದೆ ಅನ್ನುವ ಅಳತೆ. ನಿಧಾನವಾಗಿ ಬೆಳೆಯುವ ಮ್ಯುಟೆಂಟ್ (ಜೀನ್ ಬದಲಾದ ತಳಿ) ಒಂದನ್ನು ಸಾಮಾನ್ಯ ತಳಿಯ ಪಕ್ಕ ಇಟ್ಟು, ಎರಡನ್ನೂ ನಾಲ್ಕು ಗಂಟೆ ಬೆಳೆಸಿ ತೆಗೆದರೆ ಸಾವಿರಾರು ಜೀನ್ ಬದಲಾದ ಹಾಗೆ ಕಾಣಬಹುದು. ಅದರಲ್ಲಿ ಬಹಳಷ್ಟು ಮ್ಯುಟೇಶನ್‌ನಿಂದ ಆದದ್ದಲ್ಲ. ಒಂದು ಇನ್ನೂ ಬೆಳೆಯುತ್ತಿದೆ, ಇನ್ನೊಂದರ ಬೆಳವಣಿಗೆ ಆಗಲೇ ನಿಂತಿದೆ, ಅಷ್ಟೇ.

ರಾತ್ರಿಯಿಡೀ ಬೆಳೆದ ಕಲ್ಚರ್‌ನಿಂದ ನೇರವಾಗಿ ಪ್ರಯೋಗ ಶುರು ಮಾಡುವುದಿಲ್ಲ. ಆ ಕೋಶಗಳಲ್ಲಿ ಹಸಿವಿನ ಕಾಲದ ಪ್ರೋಟೀನುಗಳು ತುಂಬಿರುತ್ತವೆ. ಜೀನ್ ಆಫ್ ಆದರೂ ಆಗಲೇ ತಯಾರಾದ ಪ್ರೋಟೀನು ಹೆಚ್ಚಿನ ಪಾಲು ಹಾಗೇ ಇರುತ್ತದೆ, ಕೋಶ ಎರಡಾದಾಗಲೆಲ್ಲ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಸಾವಿರ ಪಟ್ಟು ತೆಳು ಮಾಡಿ ಬೆಳೆಸುತ್ತೇನೆ. ಹತ್ತು ಸಲ ಇಮ್ಮಡಿಯಾದರೆ ಹಳೇ ಸರಕು ಸಾವಿರದಲ್ಲಿ ಒಂದು ಪಾಲಿಗೆ ಬಂದಿರುತ್ತದೆ. 37 ಡಿಗ್ರಿಯಲ್ಲಿ, ಎಲ್‌ಬಿ ಅನ್ನುವ ಪೋಷಕ ದ್ರವದಲ್ಲಿ, ಒಂದು ಇಮ್ಮಡಿಗೆ ಸುಮಾರು 20 ನಿಮಿಷ ಸಾಕು.

ಹೊಸ ಎಲ್‌ಬಿಗೆ ಬಿದ್ದ ತಕ್ಷಣದ ಹೊತ್ತು ನನಗೆ ಬಹಳ ಇಷ್ಟ. ಒ.ಡಿ. ಮೀಟರ್‌ನಲ್ಲಿ ಏನೂ ಆಗಿಲ್ಲ ಅನ್ನಿಸುತ್ತದೆ. ಒಳಗೆ ಫಿಸ್ ಅನ್ನುವ ಪ್ರೋಟೀನು ಮಾತ್ರ, ಮೊದಲ ವಿಭಜನೆಗೂ ಮುಂಚೆಯೇ, ಕೋಶವೊಂದಕ್ಕೆ ಹತ್ತಾರು ಸಾವಿರದಷ್ಟು ಆಗಿಬಿಟ್ಟಿರುತ್ತದೆ. ರೈಬೋಸೋಮ್ ಕಟ್ಟುವ ಜೀನ್‌ಗಳನ್ನು ಅದು ಎಬ್ಬಿಸುತ್ತದೆ. ಕಲ್ಚರ್ ಬೆಳೆಯುವುದು ನಿಲ್ಲುವ ಹೊತ್ತಿಗೆ ಫಿಸ್ ಹುಡುಕಿದರೂ ಸಿಗುವುದು ಕಷ್ಟ. ಆಗ ಡಿಎನ್‌ಎಯನ್ನು ಕಾಯುವ ಡಿಪಿಎಸ್ ಅನ್ನುವ ಪ್ರೋಟೀನಿನದೇ ರಾಜ್ಯ.

ನಡುವಿನ ಹಂತದ ಬಗ್ಗೆ ಒಂದು ತಕರಾರು. "ಮಧ್ಯ ಲಾಗ್ ಹಂತ, ಒ.ಡಿ. 0.6" ಅಂತ ಎಲ್ಲರೂ ಬರೆಯುತ್ತಾರೆ. ಲಾಗ್ ಹಂತ ಅಂದರೆ ಒಂದೇ ವೇಗದಲ್ಲಿ ಇಮ್ಮಡಿಯಾಗುತ್ತಿರುವ ಹೊತ್ತು. ಎಲ್‌ಬಿಯಲ್ಲಿ ಸಕ್ಕರೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬ್ಯಾಕ್ಟೀರಿಯಾ ಅಮಿನೋ ಆಮ್ಲಗಳನ್ನೇ ತಿನ್ನುತ್ತದೆ, ಸೆರಿನ್ ಮೊದಲು ಖಾಲಿ. 0.3ರ ಆಸುಪಾಸಿನಲ್ಲೇ ವೇಗ ಕುಗ್ಗಲು ಶುರುವಾಗುತ್ತದೆ. ಹಾಗಾಗಿ ನನ್ನ ಮೊದಲ ಸ್ಯಾಂಪಲ್ 0.2ಕ್ಕೆ, ಆಮೇಲೆ 0.6, 1.5, ಕೊನೆಗೆ ರಾತ್ರಿ ಕಳೆದ ಮೇಲೆ. 0.4 ದಾಟಿದರೆ ತೆಳು ಮಾಡಿಯೇ ಓದುತ್ತೇನೆ. ಇಲ್ಲದಿದ್ದರೆ ಮೀಟರ್ ಕಡಿಮೆ ತೋರಿಸುತ್ತದೆ.

ಸ್ಯಾಂಪಲ್ ತೆಗೆಯುವಾಗ ಕೈ ಚುರುಕಾಗಿರಬೇಕು. ನಾನು ಅಳೆಯುವುದು ಎಂ-ಆರ್‌ಎನ್‌ಎ, ಅಂದರೆ ಕೆಲಸ ಮಾಡುತ್ತಿರುವ ಜೀನ್‌ನ ಪ್ರತಿ. ಬ್ಯಾಕ್ಟೀರಿಯಾದಲ್ಲಿ ಅದು ಕೆಲವೇ ನಿಮಿಷ ಬದುಕುತ್ತದೆ. ಸುಮ್ನೆ ಐಸ್‌ನಲ್ಲಿ ಇಟ್ಟರೆ ಆಯ್ತು ಅಂದುಕೊಳ್ಳಬೇಡಿ, ಚಳಿಗೇ ಏಳುವ ಜೀನ್‌ಗಳೂ ಇವೆ. ಶೇಕರ್ ಪಕ್ಕದಲ್ಲೇ ಟ್ಯೂಬ್ ಇಟ್ಟುಕೊಂಡು, ಎಥನಾಲ್‌ನಲ್ಲಿ ಶೇ 5ರಷ್ಟು ಫೀನಾಲ್ ಬೆರೆಸಿದ ತಣ್ಣನೆ ದ್ರಾವಣಕ್ಕೆ ಕಲ್ಚರ್ ಸುರಿದು, ತಲೆಕೆಳಗು ಮಾಡಿ ಬೆರೆಸುತ್ತೇನೆ. ಐಸ್, ಸೆಂಟ್ರಿಫ್ಯೂಜ್ ಎಲ್ಲ ಆಮೇಲೆ.

ನಿಂತ ಕಲ್ಚರ್‌ನ ಕೋಶಗಳನ್ನು ಒಡೆಯುವುದೂ ಕಷ್ಟ, ಸಿಗುವ ಆರ್‌ಎನ್‌ಎಯೂ ಕಡಿಮೆ. ಇಲ್ಲಿ ಲೆಕ್ಕ ತಪ್ಪುವ ಸಾಧ್ಯತೆ ಜಾಸ್ತಿ. ಎಲ್ಲಾ ಟ್ಯೂಬ್‌ಗೂ ಒಂದೇ ಸಮ ಆರ್‌ಎನ್‌ಎ ಹಾಕಿ ಅಳೆದರೆ, ಉಳಿದವು ಇಳಿದಿದ್ದರಿಂದಲೇ ಒಂದು ಜೀನ್ ಏರಿದ ಹಾಗೆ ಕಾಣಬಹುದು ಅಲ್ವಾ? ಅದಕ್ಕೇ ಲೆಕ್ಕ ಹಾಕಿ ಅಷ್ಟೇ ಕೋಶಗಳನ್ನು ತೆಗೆದುಕೊಂಡು, ಮಿಂಚುಹುಳದ ಲೂಸಿಫರೇಸ್ ಆರ್‌ಎನ್‌ಎಯನ್ನು ಗೊತ್ತಿರುವಷ್ಟು ಪ್ರಮಾಣದಲ್ಲಿ ಮೊದಲೇ ಬೆರೆಸಿಬಿಡುತ್ತೇನೆ. ಕೊನೆಗೆ ಎಲ್ಲವನ್ನೂ ಅದಕ್ಕೆ ಹೋಲಿಸುತ್ತೇನೆ.

ಆರ್‌ಪಿಒಎಸ್ ಅನ್ನುವ ನಿಯಂತ್ರಕ ಪ್ರೋಟೀನಿನ ವಿಷಯದಲ್ಲಿ ಆರ್‌ಎನ್‌ಎ ಅಳತೆ ಒಂದನ್ನೇ ನಂಬುವುದಿಲ್ಲ. ಹಸಿವಿನ ಕಾಲದ ನೂರಾರು ಜೀನ್‌ಗಳನ್ನು ನಡೆಸುವುದು ಇದೇ. ಚೆನ್ನಾಗಿ ಬೆಳೆಯುವಾಗಲೂ ಇದರ ಎಂ-ಆರ್‌ಎನ್‌ಎ ಇರುತ್ತದೆ. ಆದರೆ ಪ್ರೋಟೀನು ಹುಟ್ಟಿದ ಹಾಗೇ ಕ್ಲಿಪ್-ಎಕ್ಸ್‌ಪಿ ಅನ್ನುವ ಕಿಣ್ವ ಅದನ್ನು ಕತ್ತರಿಸಿ ಹಾಕುತ್ತದೆ. ಹಾಗಾಗಿ ಅದರ ಕೈಕೆಳಗಿನ, ಪೆರಾಕ್ಸೈಡ್ ಒಡೆಯುವ ಕಿಣ್ವದ ಜೀನ್ ಆದ ಕ್ಯಾಟ್-ಇ ನೋಡುತ್ತೇನೆ. ಇನ್ನೂ ಸುಲಭದ ಪರೀಕ್ಷೆ ಇದೆ. ರಾತ್ರಿ ಬೆಳೆದ ಕಾಲೊನಿ ಮೇಲೆ ಒಂದು ಹನಿ ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟರೆ ಬುಸಬುಸ ನೊರೆ ಏಳಬೇಕು. ನೊರೆ ಸಪ್ಪೆಯಾಗಿದ್ದರೆ ಆ ತಳಿಯಲ್ಲಿ ಆರ್‌ಪಿಒಎಸ್ ಕೆಟ್ಟಿರಬಹುದು ಅಂತ ಅನುಮಾನ. ಲ್ಯಾಬ್‌ಗಳಲ್ಲಿ ಕೈಯಿಂದ ಕೈಗೆ ಬಂದ ತಳಿಗಳಲ್ಲಿ ಇದು ಅಪರೂಪವೇನಲ್ಲ.

ಒ.ಡಿ. ಸರಿಹೊಂದಿಸಿದ ಮೇಲೆ ಮ್ಯುಟೆಂಟ್‌ನ ಬದಲಾದ ಜೀನ್‌ಗಳ ಪಟ್ಟಿ ಸಾಕಷ್ಟು ಚಿಕ್ಕದಾಗುತ್ತದೆ. ಆದರೂ ರೈಬೋಸೋಮ್ ಜೀನ್‌ಗಳು ಅದರಲ್ಲಿ ಉಳಿದುಕೊಳ್ಳಬಹುದು. ನಿಧಾನ ಬೆಳೆದರೆ ಅವು ಹೇಗೂ ಇಳಿಯುತ್ತವೆ, ಒ.ಡಿ. ಒಂದೇ ಇದ್ದರೂ ಅಷ್ಟೇ. ಅವನ್ನು ಬೇರೆ ಪಟ್ಟಿಗೆ ಹಾಕಿ, ಉಳಿದ ಜೀನ್‌ಗಳನ್ನು ಮಾತ್ರ ಮುಂದಿನ ಕ್ಯೂಪಿಸಿಆರ್‌ಗೆ (ಒಂದೊಂದೇ ಜೀನ್‌ನ ಆರ್‌ಎನ್‌ಎ ಅಳೆಯುವ ಪರೀಕ್ಷೆ) ಒಯ್ಯುತ್ತೇನೆ.