ಹಬ್ಬಕ್ಕೆ ನಾಲ್ಕು ದಿನ ಮೊದಲು: ಮುಂಡಗೋಡದ ಲೋಸರ್‌ನಲ್ಲಿ ನನ್ನ ಅನುಭವ

ಟಿಬೆಟಿಯನ್ನರ ಹೊಸ ವರ್ಷವಾದ ಲೋಸರ್ ಹಬ್ಬವನ್ನು ನೋಡಬೇಕೆಂದು 2024ರ ಫೆಬ್ರುವರಿ 10ರ ಬೆಳಿಗ್ಗೆ ಶಿರಸಿಯಿಂದ ಬಸ್ಸು ಹಿಡಿದು ಮುಂಡಗೋಡಕ್ಕೆ ಹೋಗಿದ್ದೆ. ಅಲ್ಲಿಂದ ಆಟೋ ಮಾಡಿಕೊಂಡು ಟಿಬೆಟಿಯನ್ ಕ್ಯಾಂಪ್ ತಲುಪಿದಾಗ ಅಂಗಡಿಗಳ ಬಾಗಿಲು ಹಾಕಿತ್ತು, ಬೀದಿಯಲ್ಲಿ ಜನರಿರಲಿಲ್ಲ. ಜಾತ್ರೆಯಂಥ ಸಂಭ್ರಮವನ್ನು ನಿರೀಕ್ಷಿಸಿದ್ದ ನಾನು ಬೌದ್ಧ ಮಠದ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು, ಒಂದೆರಡು ಫೋಟೊ ತೆಗೆದುಕೊಂಡು, ಮಧ್ಯಾಹ್ನದ ಬಸ್ಸಿಗೆ ಮರಳಿದೆ. ಲೋಸರ್‌ನ ಮೊದಲ ದಿನವು ಮನೆಯವರಿಗೆ ಮತ್ತು ಮಠದ ಪೂಜೆಗೆ ಮೀಸಲಾದದ್ದೆಂಬುದು ನನಗೆ ಆಗ ತಿಳಿದಿರಲಿಲ್ಲ.

ಆ ವರ್ಷದ ಚಳಿಗಾಲದಲ್ಲಿ, ಹುಬ್ಬಳ್ಳಿಯಲ್ಲಿ ನಾನು ಪ್ರತಿವರ್ಷ ಸ್ವೆಟರ್ ಕೊಳ್ಳುವ ಕ್ಯಾಂಪಿನ ಹಿರಿಯ ಮಹಿಳೆಯೊಬ್ಬರಿಗೆ ಈ ವಿಷಯ ಹೇಳಿದೆ. ಅವರನ್ನು ಅವರ ಮಕ್ಕಳು ಕರೆಯುವಂತೆ ನಾನೂ ಅಮಾಲಾ ಎಂದೇ ಕರೆಯುತ್ತೇನೆ. "ಹಬ್ಬದ ದಿನ ಬಂದ್ರ ಏನ್ ಕಾಣ್ತದ ಅಕ್ಕಾ? ನಾಲ್ಕು ದಿನ ಮೊದಲ ಬರ್ರಿ, ಕೆಲಸ ಅದ" ಎಂದರು. ವಲಸೆ ಬಂದ ಸಮುದಾಯದ ಹಬ್ಬಕ್ಕೆ ಹೇಗೆ ಹೋಗಬೇಕೆಂಬುದನ್ನು ಅವರು ಆ ಒಂದು ಮಾತಿನಲ್ಲಿ ಹೇಳಿಬಿಟ್ಟಿದ್ದರು.

2025ರಲ್ಲಿ ಲೋಸರ್ ಫೆಬ್ರುವರಿ 28ಕ್ಕೆ ಬಂದಿತ್ತು. ನಮ್ಮ ಯುಗಾದಿಯಂತೆ ಇದೂ ಚಾಂದ್ರಮಾನದ ಹಬ್ಬವಾದ್ದರಿಂದ ದಿನಾಂಕ ವರ್ಷವರ್ಷವೂ ಬದಲಾಗುತ್ತದೆ. ಹೊರಡುವ ಮೊದಲು ಕ್ಯಾಂಪಿನವರನ್ನೇ ಕೇಳಿಕೊಳ್ಳುವುದು ಒಳ್ಳೆಯದು. ಭಾರತೀಯರಾದ ನಮಗೆ ಅಲ್ಲಿ ಉಳಿಯಲು ಯಾವ ಅಡ್ಡಿಯೂ ಇಲ್ಲ. ವಿದೇಶಿಯರು ಮಾತ್ರ ಕೇಂದ್ರ ಗೃಹ ಸಚಿವಾಲಯದ ಅನುಮತಿಯನ್ನು ಮುಂಚಿತವಾಗಿ ಪಡೆಯಬೇಕಾಗುತ್ತದೆ.

ನಾನು ಹೋದಾಗ ಅಮಾಲಾ ಅವರ ಹಿತ್ತಿಲಿನಲ್ಲಿ ದೊಡ್ಡ ಬಾಣಲೆಯಲ್ಲಿ ಎಣ್ಣೆ ಕಾಯುತ್ತಿತ್ತು. ಮೈದಾ, ಬೆಣ್ಣೆ, ಸಕ್ಕರೆ ಸೇರಿಸಿ ನಾದಿದ ಹಿಟ್ಟಿನಿಂದ ಖಾಪ್ಸೆ ಎಂಬ ಕರಿದ ತಿಂಡಿಯನ್ನು ಮಾಡಲು ಅಕ್ಕಪಕ್ಕದ ನಾಲ್ಕು ಮನೆಯವರು ಕೂಡಿದ್ದರು. ಒಬ್ಬರು ಲಟ್ಟಿಸುವುದು, ಒಬ್ಬರು ಕೊಯ್ದು ಮಡಚುವುದು, ಇನ್ನೊಬ್ಬರು ಕರಿಯುವುದು. ಕತ್ತೆಯ ಕಿವಿಯ ಆಕಾರದ ದೊಡ್ಡ ಖಾಪ್ಸೆಯನ್ನು ಎಣ್ಣೆಗೆ ಬಿಡುವ ಕೆಲಸ ಮಾತ್ರ ಪಳಗಿದ ಕೈಯವರದು, ಏಕೆಂದರೆ ಅದು ಮುರಿಯದೆ ಬಂದರೆ ಮಾತ್ರ ಪೂಜೆಯ ಪೀಠದ ಮೇಲೆ ಇಡುತ್ತಾರೆ. ಚೌತಿಯ ಮುನ್ನ ನಮ್ಮೂರಿನಲ್ಲಿ ನೆರೆಹೊರೆಯವರು ಕೂಡಿ ಚಕ್ಕುಲಿ ಸುತ್ತುವ, ಮನೆಯಿಂದ ಮನೆಗೆ ನಡೆಯುವ ಚಕ್ಕುಲಿ ಕಂಬಳ ನನ್ನ ಕಣ್ಣ ಮುಂದೆ ಬಂತು. ನನಗೂ ಒಂದು ಲಟ್ಟಣಿಗೆ ಕೊಟ್ಟರು. ಕೈ ಕೆಲಸದಲ್ಲಿದ್ದಾಗ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಪ್ರಶ್ನೆಗಳ ಪಟ್ಟಿ ಹಿಡಿದು ಹೋಗಿದ್ದರೆ ಸಿಗದಿದ್ದ ಮಾತುಗಳು ಅಂದು ನನಗೆ ಸಿಕ್ಕವು. 1959ರ ನಂತರ ಟಿಬೆಟ್ ಬಿಟ್ಟು ಬಂದವರಿಗೆ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, 1966ರಲ್ಲಿ ಇಲ್ಲಿ ಸುಮಾರು 4,000 ಎಕರೆಯಲ್ಲಿ ನೆಲೆ ದೊರೆಯಿತೆಂಬುದನ್ನು ಓದಿ ತಿಳಿದಿದ್ದೆ. ಆದರೆ ಆ ಕಾಡನ್ನು ಕಡಿದು ಗೋವಿನಜೋಳ ಬಿತ್ತಿದ ತಂದೆಯ ಅಂಗೈ ಹೇಗಿತ್ತೆಂಬುದನ್ನು ಅಮಾಲಾ ಹಿಟ್ಟು ಮೆತ್ತಿದ ತಮ್ಮ ಕೈಯನ್ನು ಚಾಚಿ ತೋರಿಸಿದಾಗ, ಪುಸ್ತಕದಲ್ಲಿ ಓದಿದ ಇಸವಿಗೆ ಒಂದು ಮುಖ ಬಂದಂತಾಯಿತು.

ಊಟದ ವಿಷಯವನ್ನು ಮೊದಲೇ ಹೇಳಿಬಿಡಬೇಕು. ನಾನು ಸಸ್ಯಾಹಾರಿಯೆಂದು ಫೋನಿನಲ್ಲೇ ತಿಳಿಸಿದ್ದರಿಂದ ನನಗಾಗಿ ಮೂಲಂಗಿ ಮತ್ತು ಒಣ ಚೀಸ್ ಹಾಕಿದ ಬೇರೆ ಪಾತ್ರೆ ಇತ್ತು. ಉಪ್ಪು ಹಾಕಿದ ಬೆಣ್ಣೆ ಚಹಾದ ಬಟ್ಟಲನ್ನು ನೀವು ಬರಿದು ಮಾಡಿದಷ್ಟೂ ಅವರು ತುಂಬುತ್ತಾರೆ. ಸಾಕೆನಿಸಿದಾಗ ತುಂಬಿದ ಬಟ್ಟಲನ್ನು ಹಾಗೆಯೇ ಬಿಟ್ಟಿದ್ದು ಹೊರಡುವ ಹೊತ್ತಿಗೆ ಕುಡಿಯುವುದು ಅಲ್ಲಿಯ ರೀತಿ.

ಹೊಸ ವರ್ಷಕ್ಕೆ ಎರಡು ದಿನ ಮೊದಲಿನ ರಾತ್ರಿ ಗುತುಕ್ ಎಂಬ ಗಂಜಿಯಂಥ ಸೂಪ್ ಮಾಡುತ್ತಾರೆ. ಗು ಎಂದರೆ ಒಂಬತ್ತು. ಒಂಬತ್ತು ಬಗೆಯ ಪದಾರ್ಥಗಳು ಅದಕ್ಕೆ ಬೀಳುತ್ತವೆ. ಪ್ರತಿಯೊಬ್ಬರ ಬಟ್ಟಲಿನಲ್ಲಿಯೂ ಒಂದು ದೊಡ್ಡ ಹಿಟ್ಟಿನ ಉಂಡೆ ಇದ್ದು, ಅದರೊಳಗೆ ಏನಿದೆಯೋ ಅದು ನಿಮ್ಮ ಸ್ವಭಾವವೆಂದು ನಗುನಗುತ್ತಾ ಹೇಳುತ್ತಾರೆ. ಮೆಣಸಿನಕಾಯಿ ಬಂದರೆ ಮಾತುಗಾರ, ಇದ್ದಿಲು ಬಂದರೆ ಕಪ್ಪು ಮನಸ್ಸು, ಉಣ್ಣೆ ಬಂದರೆ ಮೃದು ಹೃದಯ. ಮೊಮ್ಮಗನಿಗೆ ಮೆಣಸಿನಕಾಯಿ ಬಂದಾಗ ಮನೆಯೆಲ್ಲ ನಕ್ಕಿತು. ನನ್ನ ಉಂಡೆಯಲ್ಲಿ ಬೆರಳ ತುದಿಯಷ್ಟು ಬಿಳಿ ಉಣ್ಣೆಯಿತ್ತು, ಅದನ್ನು ಕೈಚೀಲದಲ್ಲಿಟ್ಟುಕೊಂಡೆ. ಊಟವಾದ ಮೇಲೆ, ಮನೆಯ ಕೆಡುಕನ್ನು ಹೊತ್ತೊಯ್ಯಲೆಂದು ಮಾಡಿದ ಹಿಟ್ಟಿನ ಗೊಂಬೆಯನ್ನೂ ಉಳಿದ ಗುತುಕ್ಕನ್ನೂ ಉರಿಯುವ ಹುಲ್ಲಿನ ಸೂಡಿಯೊಂದಿಗೆ ದಾರಿ ಕೂಡುವಲ್ಲಿಗೆ ಒಯ್ದು ಹಾಕಿ ಬಂದರು. ನಿವಾಳಿಸಿದ್ದನ್ನು ಮೂರು ದಾರಿ ಸೇರುವಲ್ಲಿ ಚೆಲ್ಲುವುದನ್ನು ಕಂಡು ಬೆಳೆದ ನನಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಮೊದಲ ದಿನವನ್ನು ಮನೆಯವರಿಗೆ ಬಿಟ್ಟು ಊರಿಗೆ ಮರಳಿ, ಪ್ರಾರ್ಥನಾ ಪತಾಕೆಗಳನ್ನು ಕಟ್ಟುವ ಮೂರನೆಯ ದಿನ ಮತ್ತೆ ಹೋದೆ. ಬಾಗಿಲಲ್ಲೇ ಚೆಮರ್ ಹಿಡಿದರು. ಕೆತ್ತನೆಯ ಮರದ ಪೆಟ್ಟಿಗೆಯ ಒಂದು ಪಾಲಿನಲ್ಲಿ ಬೆಣ್ಣೆ ಕಲಸಿದ ಹುರಿದ ಬಾರ್ಲಿ ಹಿಟ್ಟು, ಇನ್ನೊಂದರಲ್ಲಿ ಕಾಳು. ಚಿಟಿಕೆಯಷ್ಟು ತೆಗೆದು ಮೂರು ಬಾರಿ ಮೇಲಕ್ಕೆ ತೂರಿ, ಸ್ವಲ್ಪ ಬಾಯಿಗೆ ಹಾಕಿಕೊಂಡು "ತಾಶಿ ದೆಲೆಕ್" (ಶುಭವಾಗಲಿ) ಎನ್ನಬೇಕು. ಕ್ಯಾಮೆರಾವನ್ನು ಆ ದಿನ ಹೊರಗೆ ತೆಗೆಯಲೇ ಇಲ್ಲ.

ಆಹ್ವಾನವನ್ನು ಹಿಂದಿರುಗಿಸದೆ ಹೋಗುತ್ತಲೇ ಇರುವುದು ನನಗೆ ಸರಿಯೆನಿಸಲಿಲ್ಲ. ಅದೇ ಆಗಸ್ಟ್‌ನಲ್ಲಿ ಅಮಾಲಾ ಮಗಳೊಂದಿಗೆ ನಮ್ಮ ಮನೆಯ ಚಕ್ಕುಲಿ ಕಂಬಳಕ್ಕೆ ಬಂದರು. ಕೈಚಕ್ಕುಲಿಯ ಅಕ್ಕಿಹಿಟ್ಟನ್ನು ಬೆರಳಲ್ಲಿ ಹೊಸೆಯುತ್ತಾ ಸುತ್ತುವುದು ಸುಲಭದ ಕೆಲಸವಲ್ಲ. ಅವರ ಮೊದಲ ಸುತ್ತುಗಳು ಮುರಿದವು, ಸಂಜೆಯ ಹೊತ್ತಿಗೆ ನಾಲ್ಕು ಸುತ್ತಿನದು ಗಟ್ಟಿಯಾಗಿ ನಿಂತಿತು. 2026ರ ಫೆಬ್ರುವರಿ 18ರ ಲೋಸರ್‌ಗೆ ನಾಲ್ಕು ದಿನ ಮೊದಲು ಒಂದು ಡಬ್ಬಿ ಕೈಚಕ್ಕುಲಿ ಒಯ್ದೆ. ಅಮಾಲಾ ಅದರಲ್ಲಿ ಮುರಿಯದ ಐದನ್ನು ಆರಿಸಿ, ಪೂಜೆಯ ಪೀಠದ ಮೇಲೆ ಖಾಪ್ಸೆಯ ಸಾಲಿನ ಪಕ್ಕದಲ್ಲಿ ಜೋಡಿಸಿದರು.