ಕಾಕಂಬಿ ತೊಟ್ಟಿಯಲ್ಲಿ ಶೋಲಾವರಂ ಫಿಯೆಟ್: ನನ್ನ ಅನುಭವ

ರೇಸ್ ಓಡಿದ ಹಳೇ ಫಿಯೆಟ್ 1100 ಕೈಗೆ ಬಂದರೆ ತುಕ್ಕು ತೆಗೆಯಲು ಅದನ್ನು ನೇರ ಸ್ಯಾಂಡ್‌ಬ್ಲಾಸ್ಟಿಂಗ್‌ಗೆ (ಜೋರಾಗಿ ಮರಳು ಹೊಡೆದು ಕೆರೆಯುವುದು) ಕಳಿಸಬೇಡಿ, ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ನೀರಲ್ಲಿ ನೆನೆಸಿ. ಈ ಮಾತಿಗೆ ಟಿಂಕರಿಂಗ್ ಮೇಸ್ತ್ರಿಗಳಿಂದ ಹಿಡಿದು ಕಾಕಂಬಿ ಮಾರಿದ ಪಶು ಆಹಾರದ ಅಂಗಡಿಯವರ ತನಕ ಎಲ್ಲರೂ ನಕ್ಕಿದ್ದರು. ನಾನು ಹಾಗೆ ನೆನೆಸಿದ ಫಿಯೆಟ್ ಪ್ರೈಮರ್, ಬಣ್ಣ ಹಾಕಿಸಿಕೊಂಡು ಮಳೆಗಾಲ ದಾಟಿದೆ. ಡೋರಿನ ಕೆಳ ಅಂಚಲ್ಲಾಗಲಿ, ಡಿಕ್ಕಿಯ ಸ್ಟೆಪ್ನಿ ಗುಂಡಿಯಲ್ಲಾಗಲಿ ಒಂದು ಗುಳ್ಳೆ ಎದ್ದಿಲ್ಲ. ನಕ್ಕವರೇ ಈಗ ತೊಟ್ಟಿ ಯಾವಾಗ ಖಾಲಿಯಾಗುತ್ತೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಈ ಕಾರು ಓಡಿದ ಶೋಲಾವರಂ, ಚೆನ್ನೈ ಹತ್ತಿರದ ಎರಡನೇ ಮಹಾಯುದ್ಧದ ಕಾಲದ ರನ್‌ವೇ. 1990ರಲ್ಲಿ ಇರುಂಗಟ್ಟುಕೋಟೈ ಟ್ರ್ಯಾಕ್ ಬರುವ ತನಕ ನಮ್ಮ ಕಡೆಯ ಡ್ರೈವರುಗಳಿಗೆ ರೇಸ್ ಅಂದರೆ ಅದೇ. ನೇರ ದಾರಿಯಲ್ಲಿ ಪೂರ್ತಿ ವೇಗ, ಕೊನೆಗೆ ನಾಲ್ಕು ಡ್ರಮ್ ಬ್ರೇಕುಗಳನ್ನೇ ನಂಬಿ ತಿರುವಿಗೆ ಇಳಿಯಬೇಕು. ಆ ಹೊಡೆತವೆಲ್ಲ ಹೋಗಿ ಕೂರುವುದು ಮುಂದಿನ ವಿಶ್‌ಬೋನ್ (ಚಕ್ರವನ್ನು ಹಿಡಿದಿರುವ ಕವೆಯಂಥ ತೋಳು), ಅದು ಕಚ್ಚಿಕೊಂಡಿರುವ ಕ್ರಾಸ್‌ಮೆಂಬರ್ ಅನ್ನುವ ಅಡ್ಡ ತೊಲೆ, ಸ್ಟೀರಿಂಗ್ ಬಾಕ್ಸ್ ಬೋಲ್ಟಿನ ಸುತ್ತಲ ತಗಡು, ಸೀಟಿನ ಕಾಲು ನಿಂತ ಫ್ಲೋರ್, ಇಷ್ಟರ ಮೇಲೆ. ಇಂಥ ಕಾರಲ್ಲಿ ತುಕ್ಕಿನ ಅಡಿಯಲ್ಲಿ ಬಿರುಕು ಇದ್ದೇ ಇರುತ್ತೆ ಅಂದುಕೊಂಡೇ ಕೆಲಸ ಶುರುಮಾಡಬೇಕು. ಡ್ರೈವರ್ ಆಗಿದ್ದವನು ರಿಸ್ಟೋರೇಷನ್‌ಗೆ ಇಳಿದರೆ ಇದೊಂದು ಲಾಭ, ಎಲ್ಲಿ ನೋಡಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಬ್ಲಾಸ್ಟಿಂಗ್ ಬೇಡ ಅನ್ನುವುದೂ ಇದಕ್ಕೇ. ಮರಳಿನ ಏಟಿಗೆ ಲೋಹದ ಮೇಲ್ಮೈ ಬಡಿದು ಹರಡಿ, ಕೂದಲೆಳೆ ಬಿರುಕಿನ ಬಾಯಿ ಮುಚ್ಚಿಹೋಗುತ್ತೆ. ಆಮೇಲೆ ಡೈ ಪೆನೆಟ್ರೆಂಟ್ (ಬಿರುಕಿಗೆ ಇಳಿದು ಅದನ್ನು ತೋರಿಸುವ ಕೆಂಪು ದ್ರವ) ಹೊಡೆದರೂ ಏನೂ ಕಾಣಲ್ಲ, ಪಾರ್ಟು ಹೊಸದರ ಹಾಗೆ ಹೊಳೆಯುತ್ತೆ, ಬಿರುಕು ಒಳಗೇ ಇರುತ್ತೆ. ಬಾನೆಟ್, ಡೋರುಗಳ ತಗಡಂತೂ ಅಲೆ ಎದ್ದುಬಿಡುತ್ತೆ. ಅದನ್ನು ಮುಚ್ಚಲು ಪುಟ್ಟಿ, ಪುಟ್ಟಿ ಬಿರಿದಾಗ ಮತ್ತೆ ತುಕ್ಕು. ಹೈಡ್ರೋಕ್ಲೋರಿಕ್ ಆಸಿಡ್ ಇನ್ನೂ ಕೆಟ್ಟದ್ದು. ಸ್ಪಾಟ್ ವೆಲ್ಡ್ (ಎರಡು ತಗಡನ್ನು ಚುಕ್ಕಿ ಚುಕ್ಕಿಯಾಗಿ ಬೆಸೆದದ್ದು) ಸಂದಿಯಲ್ಲಿ ಉಳಿದುಕೊಂಡು ಆರು ತಿಂಗಳಿಗೆ ಬಣ್ಣದ ಕೆಳಗಿಂದ ವಾಪಸ್ ಬರುತ್ತೆ, ಗಟ್ಟಿ ಉಕ್ಕನ್ನು ಪೆಡಸು ಮಾಡುತ್ತೆ. ಕಾಕಂಬಿ ನೀರು ತುಕ್ಕನ್ನಷ್ಟೇ ಹಿಡಿದು ಎಳೆಯುತ್ತೆ, ಒಳ್ಳೆ ಉಕ್ಕನ್ನು ಹೆಚ್ಚುಕಮ್ಮಿ ಮುಟ್ಟಲ್ಲ, ಬಿರುಕಿನ ಬಾಯಿ ತೆರೆದೇ ಇರುತ್ತೆ.

ತೊಟ್ಟಿಗೆ ಕಬ್ಬಿಣದ ಪಂಜರ ಇರುವ ಸಾವಿರ ಲೀಟರಿನ ಬಿಳಿ ಪ್ಲಾಸ್ಟಿಕ್ ಟ್ಯಾಂಕ್ ಸಾಕು. ಸೆಕೆಂಡ್‌ಹ್ಯಾಂಡ್ ನಾಲ್ಕೈದು ಸಾವಿರಕ್ಕೆ ಸಿಗುತ್ತೆ. ಮೇಲ್ಭಾಗ ಕೊಯ್ದು ತೆಗೆಯಿರಿ. ಮೊದಲು ಅದರಲ್ಲಿ ಏನಿತ್ತು ಅಂತ ವಿಚಾರಿಸಿ, ಆಸಿಡ್ ಇದ್ದದ್ದು ಬೇಡ. ಬಾನೆಟ್ಟಿನಂಥ ಅಗಲದ ಪಾರ್ಟಿಗೆ ಹಾಲೋ ಬ್ಲಾಕ್ ಎರಡು ವರಸೆ ಕೂರಿಸಿ, ಕೃಷಿ ಹೊಂಡಕ್ಕೆ ಹಾಸುವ ಸಿಲ್ಪಾಲಿನ್ ಹಾಸಿದೆ. ಚೂಪು ಮೂಲೆ ತಾಗಿ ಹರಿಯದ ಹಾಗೆ ಕೆಳಗೆ ಹಳೇ ಗೋಣಿಚೀಲ.

ಅಳತೆ ಒಂದಕ್ಕೆ ಒಂಬತ್ತು. 900 ಲೀಟರ್ ನೀರಿಗೆ 100 ಲೀಟರ್ ಕಾಕಂಬಿ, ತೂಕದಲ್ಲಿ ಹೆಚ್ಚುಕಮ್ಮಿ 140 ಕೆಜಿ. ನನಗೆ ಕೆಜಿಗೆ ಮೂವತ್ತೈದರ ಆಸುಪಾಸು ಬಿತ್ತು, ಅಂದರೆ ಐದು ಸಾವಿರದ ಒಳಗೆ. ಗಟ್ಟಿ ಮಾಡಿದರೆ ಬೇಗ ಕೆಲಸ ಆಗುತ್ತೆ ಅಂತ ಒಂದಕ್ಕೆ ಐದು ಹಾಕಬೇಡಿ, ದುಡ್ಡು ಹೋಗುತ್ತೆ ಅಷ್ಟೇ. ಮೊದಲು ಬಿಸಿನೀರಲ್ಲಿ ಕರಗಿಸಿ ಆಮೇಲೆ ತೊಟ್ಟಿಗೆ ಸುರಿಯಬೇಕು, ಇಲ್ಲವಾದರೆ ತಳದಲ್ಲಿ ಮುದ್ದೆಯಾಗಿ ಕೂರುತ್ತೆ. ಕಾಕಂಬಿ ಸಿಗದ ಕಡೆ ಎರಡನೇ ದರ್ಜೆಯ ಕಪ್ಪು ಬೆಲ್ಲ ಹಾಕಿ ನೋಡಿದೆ. ಆಗುತ್ತೆ, ಆದರೆ ನಿಧಾನ, ಖರ್ಚೂ ಜಾಸ್ತಿ. ವೇಗ ಹೆಚ್ಚಿಸಲು ನಾನು ಮೂರನೇ ದಿನ ಇನ್ನೊಂದು ಸಾಮಾನು ಒಂದು ಬೊಗಸೆ ಹಾಕುತ್ತೇನೆ. ಅದು ನನ್ನ ಬಳಿಯೇ ಇರಲಿ. ಅದಿಲ್ಲದೆಯೂ ಕೆಲಸ ಪೂರ್ತಿ ಆಗುತ್ತೆ.

ಗ್ರೀಸ್, ಅಂಡರ್‌ಕೋಟ್, ಬಣ್ಣ ಇರುವ ಕಡೆ ಕಾಕಂಬಿ ಹಿಡಿಯಲ್ಲ. ಹಾಟ್ ಏರ್ ಗನ್ನು, ಸ್ಕ್ರೇಪರ್, ಸೀಮೆಎಣ್ಣೆ, ಕೊನೆಗೆ ಸೋಪು ನೀರು, ಈ ಕೆಲಸದಲ್ಲಿ ಸೋಮಾರಿತನ ಮಾಡಿದವರೇ ಆಮೇಲೆ ಕಾಕಂಬಿಯನ್ನು ಬೈಯುವುದು. ಹಳೇ ಬಣ್ಣದಲ್ಲಿ ಸೀಸ ಇರುತ್ತೆ, ಮಾಸ್ಕ್ ಹಾಕಿ, ಕೆರೆದ ಪುಡಿಯನ್ನು ಬೇರೆ ಡಬ್ಬಿಯಲ್ಲಿ ಕೂಡಿಡಿ. ಪಾರ್ಟು ಪೂರ್ತಿ ಮುಳುಗಬೇಕು. ಅರ್ಧ ಹೊರಗಿದ್ದರೆ ನೀರಿನ ಗೆರೆ ಇರುವ ಕಡೆ ತಗಡು ತಿಂದು ಗೀರು ಬೀಳುತ್ತೆ, ಅದು ಪ್ರೈಮರ್ ಕೆಳಗೂ ಕಾಣುತ್ತೆ. ಡೋರನ್ನು ಮುಳುಗಿಸುವಾಗ ಗಾಳಿ ಸಿಕ್ಕಿಕೊಳ್ಳದ ಹಾಗೆ ಓರೆ ಮಾಡಿ ಇಳಿಸಿ.

ಏಪ್ರಿಲ್, ಮೇ ಬಿಸಿಲಲ್ಲಿ ಎಂಟು ಹತ್ತು ದಿನಕ್ಕೆ ಮುಗಿಯುವುದು, ಡಿಸೆಂಬರಿನ ಬೆಂಗಳೂರು ಚಳಿಯಲ್ಲಿ ಮೂರು ವಾರ ಎಳೆಯುತ್ತೆ. ಮೇಲೆ ನೊರೆ, ಬಿಳಿ ಬೂಷ್ಟು ಕಟ್ಟುತ್ತೆ, ವಾಸನೆ ಬರುತ್ತೆ. ಹೆದರಬೇಡಿ, ಅದು ಹುಳಿಯುತ್ತಿರುವ ಲಕ್ಷಣ. ಅಕ್ಕಪಕ್ಕ ಮನೆ ಇದ್ದರೆ ಮಾತ್ರ ತೊಟ್ಟಿಯನ್ನು ಊರಾಚೆ ಇಡಿ. ಮೂರು ನಾಲ್ಕು ದಿನಕ್ಕೊಮ್ಮೆ ಎತ್ತಿ, ನೈಲಾನ್ ಬ್ರಷ್ಷಲ್ಲಿ ಉಜ್ಜಿ, ತಿರುಗಿಸಿ ಇಡಬೇಕು.

ಅಲ್ಯೂಮಿನಿಯಂ, ಸತು ಎರಡನ್ನೂ ಇದು ತಿಂದುಹಾಕುತ್ತೆ. ಹಾಗಾಗಿ ಈ ಎಂಜಿನ್ನಿನ ಹೆಡ್, ಕಾರ್ಬೊರೇಟರ್, ಪೆಟ್ರೋಲ್ ಪಂಪಿನ ಬಾಡಿ, ಸತುವಿನ ಲೇಪ ಇರುವ ಬೋಲ್ಟುಗಳು ಹತ್ತಿರವೂ ಬರಬಾರದು. ಬ್ರೇಕ್ ಡ್ರಮ್ಮಿನಂಥ ಬೀಡು ಕಬ್ಬಿಣ ಎರಡು ಮೂರು ದಿನಕ್ಕಿಂತ ಹೆಚ್ಚು ಇದ್ದರೆ ಮೇಲ್ಮೈ ಕಪ್ಪಾಗಿ ಮೆತ್ತಗಾಗುತ್ತೆ. ಕಿಂಗ್‌ಪಿನ್ (ಮುಂದಿನ ಚಕ್ರ ತಿರುಗುವ ಗೂಟ) ತೂತು, ಬೇರಿಂಗ್ ಕೂರುವ ಜಾಗಕ್ಕೆ ಗಟ್ಟಿ ಗ್ರೀಸ್ ಬಳಿದು, ಮೇಲೆ ಟೇಪು ಸುತ್ತಿ ಇಳಿಸಿ. ಸಸ್ಪೆನ್ಷನ್ನಿನ ಹೈ ಟೆನ್ಸೈಲ್ ಬೋಲ್ಟು ನೆನೆಸಿ ಉಳಿಸುವ ಆಸೆ ಬೇಡ, ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಹೊಸದು ತನ್ನಿ.

ಹೊರಗೆ ತೆಗೆದ ಮೇಲಿನ ಅರ್ಧ ಗಂಟೆಯಲ್ಲೇ ಕೆಲಸ ಕೆಡುವುದು ಅಥವಾ ಉಳಿಯುವುದು. ಬರೀ ನೀರಲ್ಲಿ ತೊಳೆದು ಬಿಟ್ಟರೆ ಕಣ್ಣೆದುರೇ ಕೇಸರಿ ತುಕ್ಕು ಹಿಡಿಯುತ್ತೆ. ಪ್ರೆಷರ್ ವಾಷರಲ್ಲಿ ಸಂದಿಗಳನ್ನೆಲ್ಲ ತೊಳೆದು, ತಕ್ಷಣ ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನ ಡ್ರಮ್ಮಿಗೆ ಇಳಿಸಿ. ಹತ್ತು ಲೀಟರಿಗೆ ಅರ್ಧ ಕೆಜಿ ಸೋಡಾ. ಆಮೇಲೆ ಬಿಸಿನೀರು, ಬ್ಲೋವರ್, ಬಿಸಿಲು. 180ರ ಸ್ಯಾಂಡ್‌ಪೇಪರಲ್ಲಿ ಉಜ್ಜಿ, ಡಿಗ್ರೀಸರ್ ಬಟ್ಟೆಯಲ್ಲಿ ಒರೆಸಿ, ಅವತ್ತೇ ಎಪಾಕ್ಸಿ ಪ್ರೈಮರ್. ಇಲ್ಲಿ ಅಭ್ಯಾಸಬಲದಿಂದ ಫಾಸ್ಫೋರಿಕ್ ಆಸಿಡ್ಡಿನ ತುಕ್ಕುನಾಶಕ ಬಳಿಯುವವರಿದ್ದಾರೆ. ಅದನ್ನು ಚೆನ್ನಾಗಿ ತೊಳೆಯದೆ ಮೇಲೆ ಎಪಾಕ್ಸಿ ಹೊಡೆದರೆ ಹಿಡಿತ ಬರಲ್ಲ, ಹಾಳೆಯಾಗಿ ಕಿತ್ತು ಬರುತ್ತೆ. ಎಪಾಕ್ಸಿ ಹಾಕುವುದಾದರೆ ಬೆತ್ತಲೆ ಲೋಹದ ಮೇಲೇ ಹಾಕಿ.

ಬಿರುಕು ನೋಡುವ ಪಾರ್ಟುಗಳಿಗೆ ಪ್ರೈಮರ್‌ಗೂ ಮೊದಲು ಇನ್ನೊಂದು ಹಂತ ಇದೆ. ಬಿರುಕಿನೊಳಗೆ ನೀರು ಉಳಿದಿದ್ದರೆ ಕೆಂಪು ದ್ರವ ಒಳಗೆ ಇಳಿಯಲ್ಲ. ಪೌಡರ್ ಕೋಟಿಂಗ್ ಮಾಡುವವರ ಓವನ್ನಿನಲ್ಲಿ 150 ಡಿಗ್ರಿಯಲ್ಲಿ ಅರ್ಧ ಗಂಟೆ ಒಣಗಿಸಿ, ತಣಿಸಿ, ಆಮೇಲೆ ಪೆನೆಟ್ರೆಂಟ್ ಹೊಡೆಯಿರಿ. ಇಪ್ಪತ್ತು ನಿಮಿಷ ಬಿಡಿ. ಒರೆಸುವಾಗ ಕ್ಲೀನರನ್ನು ಬಟ್ಟೆಗೆ ಹಾಕಿ ಒರೆಸಬೇಕು, ಪಾರ್ಟಿನ ಮೇಲೆ ನೇರ ಸ್ಪ್ರೇ ಮಾಡಿದರೆ ಬಿರುಕಿನೊಳಗಿನದೂ ತೊಳೆದುಹೋಗುತ್ತೆ. ಆಮೇಲೆ ಒಳಗಿನ ಕೆಂಪನ್ನು ಹೊರಗೆಳೆದು ತೋರಿಸುವ ಬಿಳಿ ಡೆವಲಪರ್ ತೆಳ್ಳಗೆ ಹೊಡೆದು, ಹತ್ತು ನಿಮಿಷ ಕಾಯಿರಿ. ಈ ಕಾರಿನ ಎಡ ಕೆಳಗಿನ ವಿಶ್‌ಬೋನಿನ ಒಳ ಮೂಲೆಯಲ್ಲಿ ಒಂದು ಇಂಚಿನ ಕೆಂಪು ಗೆರೆ ಎದ್ದಿತು. ಬ್ಲಾಸ್ಟ್ ಮಾಡಿಸಿದ್ದರೆ ಅದು ಖಂಡಿತ ತಪ್ಪಿಹೋಗುತ್ತಿತ್ತು. ವಿಶ್‌ಬೋನಿನ ಬಿರುಕಿಗೆ ವೆಲ್ಡಿಂಗ್ ಮಾಡಿ ಉಳಿಸುವ ಮಾತೇ ಬೇಡ, ಗುಜರಿಗೆ ಹಾಕಿ. ಇನ್ನೊಂದು ಹಳೆಯದು ಎರಡು ಮೂರು ಸಾವಿರಕ್ಕೆ ಸಿಗುತ್ತೆ, ಅದನ್ನೂ ಇದೇ ಹಂತದಲ್ಲಿ ಹಾಯಿಸಿಯೇ ಕೂರಿಸಬೇಕು. ಕ್ಲೀನರ್, ಪೆನೆಟ್ರೆಂಟ್, ಡೆವಲಪರ್ ಮೂರು ಡಬ್ಬಿ ಸೇರಿ ಸಾವಿರದೈನೂರರ ಆಸುಪಾಸು, ಇಡೀ ಕಾರಿಗೆ ಸಾಕಾಯಿತು.

ತುಕ್ಕು ತಿಂದ ಫ್ಲೋರ್ ಮತ್ತು ಸಿಲ್‌ಗೆ (ಡೋರುಗಳ ಕೆಳಗಿನ ಉದ್ದ ಹೊಸ್ತಿಲು) 20 ಗೇಜಿನ ಸಿಆರ್‌ಸಿ (ಕೋಲ್ಡ್ ರೋಲ್ಡ್ ಉಕ್ಕಿನ) ಶೀಟು. ಫಿಯೆಟ್ಟಿಗೆ ಬೇರೆ ಛಾಸಿ ಇಲ್ಲ, ಬಾಡಿಯೇ ಛಾಸಿ. ಸಿಲ್ ಕತ್ತರಿಸುವ ಮೊದಲು ಡೋರುಗಳು ಜಾಗದಲ್ಲೇ ಇರಬೇಕು, ಒಳಗೆ ಡೋರಿನ ಪಿಲ್ಲರಿನಿಂದ ಪಿಲ್ಲರಿಗೆ ಒಂದಿಂಚಿನ ಚೌಕ ಪೈಪು ಟ್ಯಾಕ್ (ಚಿಕ್ಕ ಚುಕ್ಕಿ ಬೆಸುಗೆ) ಮಾಡಿ ಬಿಗಿಯಬೇಕು, ಒಂದು ಬದಿ ಪೂರ್ತಿ ಮುಗಿಸದೆ ಇನ್ನೊಂದು ಬದಿ ಮುಟ್ಟಬಾರದು. ಗ್ಯಾಸ್ ವೆಲ್ಡಿಂಗ್ ತಗಡನ್ನು ಎಳೆದು ಸೊಟ್ಟ ಮಾಡುತ್ತೆ. 0.8 ಎಂಎಂ ವೈರಿನ ಮಿಗ್ ವೆಲ್ಡಿಂಗ್ ಮಷಿನ್ನಿನಲ್ಲಿ ಅಲ್ಲೊಂದು ಇಲ್ಲೊಂದು ಟ್ಯಾಕ್ ಇಟ್ಟು, ತಣಿದ ಮೇಲೆ ನಡುವೆ ತುಂಬುತ್ತಾ ಹೋಗಿ. ಕಾರ್ಖಾನೆಯ ಸ್ಪಾಟ್ ವೆಲ್ಡ್ ಇದ್ದ ಕಡೆ 6 ಎಂಎಂ ತೂತು ಮಾಡಿ, ಆ ತೂತು ತುಂಬುವ ಪ್ಲಗ್ ವೆಲ್ಡ್.

ಪೆಟ್ರೋಲ್ ಟ್ಯಾಂಕಿಗೆ ಕಾಕಂಬಿ ಹಾಕಿದರೆ ಒಳಗಿನ ರಾಡಿ ತೊಳೆಯುವುದೇ ದೊಡ್ಡ ಕೆಲಸ. ಅದಕ್ಕೆ ವಾಷಿಂಗ್ ಸೋಡಾ ನೀರು ಮತ್ತು ಕರೆಂಟು. ಮೊದಲು ಸೋಪು ಬಿಸಿನೀರಲ್ಲಿ ಪೆಟ್ರೋಲ್ ವಾಸನೆ ಪೂರ್ತಿ ಹೋಗುವ ತನಕ ತೊಳೆದು, ಬಾಯಿತನಕ ಸೋಡಾ ನೀರು ತುಂಬಿ, ರಬ್ಬರ್ ಬಿರಡೆಯ ಮೂಲಕ ಸರಳು ಇಳಿಬಿಟ್ಟು, 12 ವೋಲ್ಟ್ ಚಾರ್ಜರಿನ ಪಾಸಿಟಿವ್ ಸರಳಿಗೆ, ನೆಗೆಟಿವ್ ಟ್ಯಾಂಕಿಗೆ. ಸರಳು ಸಾದಾ ಕಬ್ಬಿಣದ್ದೇ ಆಗಬೇಕು, ಸ್ಟೇನ್‌ಲೆಸ್ ಹಾಕಿದರೆ ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತೆ. ಹೈಡ್ರೋಜನ್ ಏಳುತ್ತೆ, ಬಯಲಲ್ಲೇ ಮಾಡಿ, ವೈರ್ ಕೀಳುವ ಮುಂಚೆ ಚಾರ್ಜರ್ ಆಫ್ ಮಾಡಿ. ಸ್ಪ್ರಿಂಗುಗಳಿಗೆ ಈ ವಿಧಾನ ಬೇಡವೇ ಬೇಡ. ಕಾರ್ಬೊರೇಟರಿನ ಹಿತ್ತಾಳೆ ಜೆಟ್, ರೇಡಿಯೇಟರಿನ ಮೇಲಿನ ಟ್ಯಾಂಕಿಗೆ ಹುಣಸೆಹುಳಿಯನ್ನು ಮೀರಿಸಿದ್ದು ಇಲ್ಲ. ಅದನ್ನೇ ಉಕ್ಕಿನ ಮೇಲೆ ಹಾಕಿ ನೋಡಿದರೆ ತುಕ್ಕೇನೋ ಹೋಗುತ್ತೆ, ಕಪ್ಪು ಪದರ ಉಳಿಯುತ್ತೆ.

ಎಂಜಿನ್ ಬಗ್ಗೆ ಕೇಳಿದವರಿಗೆ ಎರಡೇ ಮಾತು. ಬೋರ್ (ಸಿಲಿಂಡರಿನ ಅಗಲ) 68 ಎಂಎಂ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75 ಎಂಎಂ, ಸಿಲಿಂಡರಿಗೆ 272 ಸಿಸಿ. ಕಂಪ್ರೆಷನ್ ಅನುಪಾತ 8 ಇರಬೇಕಾದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಗ್ಯಾಸ್ಕೆಟ್ ಸೇರಿ 39 ಸಿಸಿ, 9 ಬೇಕಾದರೆ 34. ರೇಸ್ ಕಾಲದಲ್ಲಿ ಕೊರೆದ ಹೆಡ್ ಇದ್ದರೆ ಕಣ್ಣಳತೆ ನಂಬದೆ, ಅಕ್ರಿಲಿಕ್ ಹಲಗೆಗೆ ಗ್ರೀಸ್ ಹಚ್ಚಿ ಕೂರಿಸಿ ಬ್ಯುರೆಟ್ಟಿನಲ್ಲಿ ಸೀಮೆಎಣ್ಣೆ ಬಿಟ್ಟು ಹೆಡ್ಡಿನ ನಾಲ್ಕು ಗುಂಡಿಗಳನ್ನೂ ಅಳೆಯಿರಿ. ನಾಲ್ಕೂ ಅರ್ಧ ಸಿಸಿಯ ಒಳಗೆ ಬರಬೇಕು. ನಾನು ಅದನ್ನು ಸಮ ಮಾಡುವ ರೀತಿ ಬೇರೆ ಇದೆ, ಅದನ್ನು ಇಲ್ಲಿ ಬಿಚ್ಚಲ್ಲ. ಈಗಿನ ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಹೋಸು, ಪಂಪಿನ ಡಯಾಫ್ರಾಂ ಊದಿಕೊಂಡು ಸೋರುತ್ತೆ. ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಎಲ್ಲ ಬದಲಿಸಿ.

ಬ್ಲಾಸ್ಟಿಂಗ್‌ಗೆ ಮೂವತ್ತು ಸಾವಿರ ಕೇಳಿದ್ದರು. ತೊಟ್ಟಿ, ಕಾಕಂಬಿ, ಸೋಡಾ, ಸಿಲ್ಪಾಲಿನ್, ಓವನ್ ಬಾಡಿಗೆ ಎಲ್ಲ ಸೇರಿ ನನಗೆ ಹದಿನಾಲ್ಕು ಹದಿನೈದರಲ್ಲಿ ಮುಗಿಯಿತು, ಪುಟ್ಟಿಯಲ್ಲಿ ಉಳಿದದ್ದು ಬೇರೆ. ಒಂದು ತೊಟ್ಟಿ ನೀರು ನಾಲ್ಕೈದು ಸಲದ ತನಕ ನಡೆಯುತ್ತೆ, ಆಮೇಲೆ ತುಕ್ಕು ಬಿಡಲು ವಾರಕ್ಕೆ ಬದಲು ತಿಂಗಳು ಹಿಡಿದರೆ ಸತ್ತಿದೆ ಅಂತ ಅರ್ಥ. ಮಧ್ಯೆ ಹತ್ತಿಪ್ಪತ್ತು ಲೀಟರ್ ಹೊಸ ಕಾಕಂಬಿ ಸೇರಿಸಿದರೆ ಇನ್ನೊಂದು ಸಲಕ್ಕೆ ಎಳೆಯಬಹುದು. ಸತ್ತ ನೀರನ್ನು ಚರಂಡಿಗೆ, ಕೆರೆ ಕಡೆಗೆ ಬಿಡಬೇಡಿ, ಕೊಳೆಯುವಾಗ ನೀರಿನ ಆಮ್ಲಜನಕವೆಲ್ಲ ಎಳೆದು ಮೀನು ಸಾಯುತ್ತವೆ. ಬಣ್ಣ ಕೆರೆಯದೆ ಪಾರ್ಟು ಮುಳುಗಿಸಿದ ನೀರಿನಲ್ಲಿ ಸೀಸವೂ ಸೇರಿರುತ್ತೆ, ಅದನ್ನು ತೋಟಕ್ಕೂ ಹಾಕುವ ಹಾಗಿಲ್ಲ.