ಕುತ್ತಿಗೆಗೆ ಕೈ ಹಚ್ಚುವ ಮೊದಲು

ಬಳ್ಳಾರಿಯಲ್ಲಿ ಫಿಸಿಯೊಥೆರಪಿಸ್ಟ್ ಆದವನಿಗೆ ಜೀನ್ಸ್ ಹೊಲಿಯುವವರ ಕುತ್ತಿಗೆ ತಪ್ಪಿದ್ದಲ್ಲ. ಬರೀ ನೋವಿದ್ದರೆ ಅವರು ಬರುವುದಿಲ್ಲ, ಅದು ಕೆಲಸದ ಪಾಲು ಎಂದುಕೊಳ್ಳುತ್ತಾರೆ. ಚಕ್ಕರ್ ಬಂದಾಗ ಮಾತ್ರ ಹೆದರಿ ಬರುತ್ತಾರೆ.

ಹಾಗೆ ಬಂದ ಒಬ್ಬ ಅಕ್ಕ ಹೇಳಿದರು: "ಮೇಲಿನ ಹಲಗೆಯಿಂದ ಬಟ್ಟೆಯ ಕಟ್ಟು ಇಳಿಸಲು ತಲೆ ಎತ್ತಿದರೆ ಹರಿಗೋಲಿನಲ್ಲಿ ನಿಂತಂತಾಗುತ್ತದೆ, ಸರ್." ಕೋಣೆ ಗಿರ್ರನೆ ಸುತ್ತಿತು ಎನ್ನಲಿಲ್ಲ. ಸುತ್ತಿದರೆ ಹೆಚ್ಚಾಗಿ ಒಳಗಿವಿಯ ದೋಷ, ತೇಲಿದಂತಾದರೆ ಕುತ್ತಿಗೆಯದೂ ಇರಬಹುದು. ಅಲ್ಲೇ ನನ್ನ ಕಿವಿ ನಿಮಿರಿತು.

ಆದರೂ ಅವಸರಪಡಲಿಲ್ಲ. ಹಿಂದೊಮ್ಮೆ ಒಬ್ಬರ ಕುತ್ತಿಗೆಯನ್ನು ಎರಡು ವಾರ ತಿಕ್ಕಿದ್ದೆ. ದೋಷವಿದ್ದದ್ದು ಒಳಗಿವಿಯಲ್ಲಿ ಜಾರಿದ ಹರಳುಗಳಲ್ಲಿ. ಕಿವಿಯ ವೈದ್ಯರು ತಲೆಯನ್ನು ಕ್ರಮವಾಗಿ ಹೊರಳಿಸಿ ಒಂದೇ ದಿನದಲ್ಲಿ ಸರಿಪಡಿಸಿದರು. ಆ ನಾಚಿಕೆ ಇನ್ನೂ ಇದೆ. ಈಗ ಆ ಹರಳುಗಳು ಜಾರಿವೆಯೇ ಎಂದು ತಲೆ ತಿರುಗಿಸಿ ಮಲಗಿಸಿ ನೋಡುವ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಮಾಡದೆ ಮುಂದುವರಿಯುವುದಿಲ್ಲ. ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲಾಗದಿರುವುದು, ಮುಖ ಜೋಮು ಹಿಡಿಯುವುದು, ಇವುಗಳಲ್ಲಿ ಒಂದಿದ್ದರೂ ನೇರ ಆಸ್ಪತ್ರೆಗೆ ಕಳಿಸುತ್ತೇನೆ. ಅಕ್ಕನಿಗೆ ಇವಾವುವೂ ಇರಲಿಲ್ಲ. ರಕ್ತದೊತ್ತಡ, ಹಿಮೋಗ್ಲೋಬಿನ್ ಎರಡನ್ನೂ ವೈದ್ಯರು ಮೊದಲೇ ನೋಡಿದ್ದರು.

ತಿರುಗುವ ಕುರ್ಚಿಯಲ್ಲಿ ಕೂರಿಸಿ, ತಲೆಯನ್ನು ಎರಡು ಕೈಗಳಿಂದ ಅಲುಗದಂತೆ ಹಿಡಿದು, ಮೈಯನ್ನಷ್ಟೇ ತಿರುಗಿಸಲು ಹೇಳಿದೆ. ತೇಲಾಟ ಶುರುವಾಯಿತು. ತಲೆ ಅಲುಗದಿದ್ದರೆ ಒಳಗಿವಿಯೂ ಅಲುಗುವುದಿಲ್ಲ, ಹಾಗಾಗಿ ಅನುಮಾನ ಕುತ್ತಿಗೆಯತ್ತ ವಾಲಿತು. ಇದೊಂದನ್ನೇ ನಂಬುವಂತಿಲ್ಲ, ನಿಜ. ಮೇಲ್ಗುತ್ತಿಗೆಯ ಕೀಲುಗಳು ತಲೆಯ ನೆಲೆಯ ಬಗ್ಗೆ ಮಿದುಳಿಗೆ ಸುದ್ದಿ ಕಳಿಸುತ್ತಿರುತ್ತವೆ. ಆ ಸುದ್ದಿ ಕಣ್ಣು, ಕಿವಿಗಳ ಸುದ್ದಿಗೆ ತಾಳೆಯಾಗದಿದ್ದರೆ ಹೀಗಾಗುತ್ತದೆ.

ನಾನು ಬಳಸಿದ್ದು ನ್ಯೂಜಿಲೆಂಡಿನ ಬ್ರಯಾನ್ ಮುಲ್ಲಿಗನ್ ರೂಪಿಸಿದ ಸ್ನ್ಯಾಗ್ ವಿಧಾನ. ಕುತ್ತಿಗೆಯ ಎರಡನೆಯ ಮೂಳೆಯ ಹಿಂದಿನ ಉಬ್ಬಿಗೆ ಹೆಬ್ಬೆರಳಿಟ್ಟು ಮೆಲ್ಲಗೆ ಮುಂದಕ್ಕೆ ಒತ್ತಿ ಹಿಡಿದೆ. ಅಕ್ಕ ತಾವೇ ತಲೆ ಎತ್ತಿದರು. ತಲೆ ಮೊದಲಿನ ಸ್ಥಿತಿಗೆ ಬರುವವರೆಗೂ ಒತ್ತಡ ಬಿಡಬಾರದು. ನೋವಾಗಲಿ ಚಕ್ಕರ್ ಆಗಲಿ ಬಂದರೆ ಒತ್ತುವ ಕೋನ ತಪ್ಪಿದೆ ಎಂದರ್ಥ. ಕೋನ ಬದಲಿಸಿದರೂ ಹೋಗದಿದ್ದರೆ ಬಿಟ್ಟುಬಿಡಬೇಕು. ಮೊದಲ ದಿನ 6 ಸಲವಷ್ಟೇ. ಲಟಕ್ಕೆನಿಸುವುದನ್ನೇ ಚಿಕಿತ್ಸೆ ಎಂದು ನಂಬಿದವರಿಗೆ ಇದು ಸಪ್ಪೆ.

ಹಣೆಗೆ ಲೇಸರ್ ದೀಪ ಕಟ್ಟಿ, ಗೋಡೆಯಿಂದ 90 ಸೆಂಟಿಮೀಟರ್ ದೂರ ಕೂರಿಸಿ, ಕಣ್ಣು ಮುಚ್ಚಿ ತಲೆ ತಿರುಗಿಸಿ ಮತ್ತೆ ಗುರಿಗೆ ತರಲು ಹೇಳಿದೆ. ದೀಪದ ಚುಕ್ಕೆ ಗುರಿಯಿಂದ ಸುಮಾರು 7 ಸೆಂಟಿಮೀಟರ್ ಮೀರಿ ತಪ್ಪಿದರೆ ಅದು ಹೆಚ್ಚು. ಅವರ ಚುಕ್ಕೆ ಗೇಣುದ್ದ ದೂರ ಬಿತ್ತು. ಇದನ್ನೇ ಅಭ್ಯಾಸ ಮಾಡಿಸಿದೆ. ಮನೆಯಲ್ಲಿ ಟವೆಲಿನ ಅಂಚಿನಿಂದ ಅದೇ ಒತ್ತಡ ಕೊಟ್ಟುಕೊಳ್ಳುವುದನ್ನೂ ಕಲಿಸಿದೆ. ಆರನೆಯ ಭೇಟಿಯ ಹೊತ್ತಿಗೆ ಕಟ್ಟು ಇಳಿಸುವುದು ಸಲೀಸಾಗಿತ್ತು.

ತಿಂಗಳ ಮೇಲೆ ಮತ್ತೆ ಬಂದರು, ಪಕ್ಕದ ಮಷಿನಿನ ಗೆಳತಿಯನ್ನು ಕರೆದುಕೊಂಡು. "ಇವಳ ಕುತ್ತಿಗೆಯನ್ನೂ ಒತ್ತಿಬಿಡಿ, ಸರ್." ಗೆಳತಿಗೆ ಮಗ್ಗುಲು ಬದಲಿಸಿದಾಗಲೆಲ್ಲ ಕೋಣೆಯೇ ಸುತ್ತುತ್ತಿತ್ತು. ಕುತ್ತಿಗೆ ಮುಟ್ಟದೆ, ಕಿವಿಯ ಪರೀಕ್ಷೆಗೆ ಮಂಚದ ಮೇಲೆ ಕೂರಿಸಿದೆ.